ಹಾಲು ಕಾಯುವಷ್ಟು ಬಿಸಿಲು

ಅವ್ವ ಯಾವ ಕೆಲಸವನ್ನೂ ಗಡಿಯಾರ ನೋಡಿ ಮಾಡಿದವಳಲ್ಲ. ಮೆಣಸಿನ ಸಸಿಗಳಿಗೆ ಬಿಸಿಲು ರೂಢಿ ಮಾಡಿಸುವಾಗಲೂ ಅಷ್ಟೆ. ನೆರಳಲ್ಲಿ ಹುಟ್ಟಿದ್ದನ್ನು ಒಂದೇ ಸಲಕ್ಕೆ ಬಯಲಲ್ಲಿ ನೆಟ್ಟರೆ ಸುಟ್ಟುಹೋಗುತ್ತದೆ ಎಂದು ದಿನಕ್ಕೆ ಇಷ್ಟಿಷ್ಟೇ ಬಿಸಿಲು ತೋರಿಸುತ್ತಿದ್ದಳು. "ಮೊದಲ್ನೇ ದಿನ ಹಾಲು ಕಾಯೋ ಗಂಟ, ಆಮೇಲೆ ಕಾಳು ಬೇಯೋ ಗಂಟ, ಆಮೇಲೆ ಬಟ್ಟೆ ಒಣಗೋ ಗಂಟ" ಎನ್ನುತ್ತಿದ್ದಳು. ಚೇಳೂರಿನ ಮನೆಯ ಹಿತ್ತಲಲ್ಲಿ, ತೂತುಬಿದ್ದ ಬಾಂಡ್ಲಿಯೊಳಗಿನ ಸಸಿಗಳ ಪಕ್ಕ ಅವಳು ಕಾಲು ಚಾಚಿ ಕೂತಿರುವುದು ಈಗಲೂ ಕಣ್ಣಿಗೆ ಕಟ್ಟುತ್ತದೆ. ತೆಂಗಿನ ಗರಿಗಳ ನೆರಳು ಅವಳ ಸೀರೆಯ ಮೇಲೆ ಅತ್ತಿತ್ತ ಆಡುತ್ತಿರುತ್ತದೆ. ನಾನು ಕರೆಯುತ್ತೇನೆ, ಅವಳಿಗೆ ಕೇಳಿಸುವುದಿಲ್ಲ. ಇದು ನೆನಪೋ ಕನಸೋ, ಈಚೆಗೆ ನನಗೆ ಗೊತ್ತಾಗುವುದಿಲ್ಲ.

ಕಳೆದ ವರ್ಷ ಅವ್ವ ಹೋದಳು. ಕಾಯಿಲೆ ಬಿದ್ದ ಮೇಲೆ ಮೆಣಸು ಹಾಕಿರಲಿಲ್ಲ. ಅವಳ ಬೀಜದ ಗಂಟಿನಲ್ಲಿ ಸಿಕ್ಕಿದ್ದು ಒಂದೇ ಒಂದು ಒಣಗಿದ ಹಣ್ಣು. ಆ ಗಿಡ್ಡ, ಉಬ್ಬು ಹೊಟ್ಟೆಯ ಮೆಣಸಿನಕಾಯಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು. ತುಮಕೂರಿನ ನನ್ನ ಬಾಡಿಗೆ ಮನೆಯ ಅಡುಗೆಮನೆ ಕಿಟಕಿಯಲ್ಲಿ, ಮೊಸರಿನ ಖಾಲಿ ಲೋಟಗಳಿಗೆ ಮಣ್ಣು ತುಂಬಿ ಅದರ ಬೀಜ ಹಾಕಿದೆ. ಹನ್ನೆರಡು ಹುಟ್ಟಿದವು. ಇವೂ ಹೋದರೆ ಅವ್ವನ ಬಸ್ಸಾರಿನ ಖಾರ ಇನ್ನೆಲ್ಲೂ ಇಲ್ಲ ಎಂದು ದಿಗಿಲಾಗಿ ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದೆ. "ಬಾಣಂತನ ಜೋರಾಗೈತೆ" ಎಂದು ಗಂಡ ನಕ್ಕರೆ ಉರಿದುಬೀಳುತ್ತಿದ್ದೆ.

ಸಸಿಗಳು ಗೇಣುದ್ದ ಆದ ಮೇಲೆ ಅವ್ವ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದೆ. ಟೆರೇಸಿನಲ್ಲಿ ಲೋಟಗಳನ್ನಿಟ್ಟು ಕೆಳಗಿಳಿದು ಹಾಲು ಕಾಯಿಸಿದೆ. ಉಕ್ಕಿದ್ದೇ ತಡ, ಓಡಿಹೋಗಿ ಒಳಗೆ ತಂದೆ. ಆಮೇಲೆ ಕುಕ್ಕರಿನಲ್ಲಿ ಅವರೆಕಾಳು ಇಟ್ಟು ಮೂರು ವಿಷಲ್ ಆಗುವವರೆಗೆ. ಕೊನೆಗೆ ಬಟ್ಟೆ, ಅದನ್ನೂ ಮೆಷಿನ್ನೇ ಮುಕ್ಕಾಲು ಒಣಗಿಸಿ ಕೊಟ್ಟಿತು. ಸಸಿಗಳು ಮೆತ್ತಗೆ, ತೆಳ್ಳಗೆ, ನೋಡಲು ಚೆಂದವಾಗಿದ್ದವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಬ್ಯಾಗಿಗೆ ಹಿಡಿಸಿದ ಏಳನ್ನು ಹೊತ್ತು, ಗುಬ್ಬಿಯಲ್ಲಿ ಬಸ್ಸು ಬದಲಿಸಿ ಚೇಳೂರಿಗೆ ಹೋದೆ. ಈಗ ಅಣ್ಣನದಾಗಿರುವ ಆ ಹಿತ್ತಲಲ್ಲಿ ಬೆಳಿಗ್ಗೆಯೇ ನೆಟ್ಟೆ. ಊಟ ಮುಗಿಸಿ ಬಂದರೆ ಏಳೂ ಮಲಗಿದ್ದವು. ಎಲೆಗಳು ಕಾಗದದಂತೆ ಬೆಳ್ಳಗಾಗಿದ್ದವು. ನೀರು ಹಾಕಿದೆ, ಏಳಲಿಲ್ಲ.

ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಫ್ರೀ ಬಸ್ಸು ಹತ್ತಿ ಬಂದಿದ್ದ ಚಿಕ್ಕಮ್ಮ, ಅವ್ವನ ತಂಗಿ, ಬಗ್ಗಿ ಎಲೆ ಮುಟ್ಟಿ ನೋಡಿದರು.

"ಎಷ್ಟೊತ್ತು ಬಿಸ್ಲಿಗೆ ಇಟ್ಟಿದ್ದೆ?"

"ಅವ್ವ ಹೇಳ್ದಂಗೇ. ಹಾಲು ಕಾಯೋ ಗಂಟ."

"ಯಾವ ಒಲೇಲಿ?"

"ಗ್ಯಾಸಲ್ಲಿ."

ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ಅಕ್ಕ ಕಾಯಿಸ್ತಿದ್ದಿದ್ದು ಬೆರಣಿ ಕೆಂಡದ ಮೇಲೆ ಕಣೇ. ಕೆನೆ ಕೆಂಪಗಾಗಕ್ಕೆ ಗಂಟೆ ಮೇಲೆ ಹಿಡೀತಿತ್ತು. ಐದು ನಿಮಿಷದ ಬಿಸ್ಲಲ್ಲಿ ಅವು ಏನ್ ಗಟ್ಟಿಯಾಗ್ತವೆ?"

ನಗು ಬಂತು, ನಾಚಿಕೆಯೂ ಆಯಿತು. ಅವ್ವನ ಮಾತು ಕಿವಿಗೆ ಬಿದ್ದಿತ್ತು, ಅವಳ ಒಲೆಯನ್ನು ನಾನು ಮರೆತೇಬಿಟ್ಟಿದ್ದೆ.

ಉಳಿದದ್ದು ಐದು. ಆಫೀಸಿಗೆ ರಜೆ ಹಾಕಿ ಟೆರೇಸಿನಲ್ಲಿ ಅವುಗಳ ಪಕ್ಕವೇ ಕೂತೆ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು. ದೂರದಲ್ಲಿ ದೇವರಾಯನದುರ್ಗದ ಬೆಟ್ಟ ಬಿಸಿಲಿಗೆ ಕರಗಿದಂತೆ ಮಸುಕಾಗಿ ಕಾಣುತ್ತಿತ್ತು. ಬೆನ್ನು ಬೆಚ್ಚಗಾಗಿ ಕಣ್ಣು ಮುಚ್ಚಿಹೋಗುತ್ತಿತ್ತು. ತೆರೆದರೆ ಹೊತ್ತು ಎಷ್ಟಾಯಿತೋ ತಿಳಿಯುತ್ತಿರಲಿಲ್ಲ. ಅವ್ವ ಇಡೀ ದಿನದಲ್ಲಿ ಸುಮ್ಮನೆ ಕೂರುತ್ತಿದ್ದದ್ದು ಬಹುಶಃ ಇಷ್ಟೇ ಹೊತ್ತು. ಆಗ ಅವಳ ಪಕ್ಕ ನಾನು ಒಂದು ದಿನವೂ ಹೋಗಿ ಕೂತಿರಲಿಲ್ಲ. ಹತ್ತನೇ ದಿನಕ್ಕೆ ಎಲೆಗಳು ದಪ್ಪಗೆ ಕಡುಹಸಿರಾದವು, ಕಾಂಡ ಗಟ್ಟಿಯಾಯಿತು.

ಮತ್ತೆ ಚೇಳೂರಿಗೆ ಹೋಗಿ ಐದನ್ನೂ ನೆಟ್ಟೆ. ಚಿಕ್ಕಮ್ಮನೂ ಬಂದಿದ್ದರು. ಮಧ್ಯಾಹ್ನ ಬಿಸಿಲು ಏರಿದಾಗ ಊಟಕ್ಕೆ ಕರೆದರೂ ನಾನು ಕದಲಲಿಲ್ಲ, ಪಾತಿಗೆ ಅಡ್ಡವಾಗಿ ನಿಂತೇ ಇದ್ದೆ.

"ಪಕ್ಕಕ್ಕೆ ಬಾರೇ," ಎಂದರು ಚಿಕ್ಕಮ್ಮ. "ನಿನ್ನ ನೆರಳು ಬೀಳ್ತೈತೆ. ಎಷ್ಟು ದಿನ ಅಂತ ಹಿಂಗೆ ನಿಂತಿರ್ತೀಯ?"

ಸರಿದೆ. ಬಿಸಿಲು ಐದರ ಮೇಲೂ ಬಿತ್ತು. ಒಂದೂ ಬಾಗಲಿಲ್ಲ. ಅವ್ವ ಹೋದ ಮೇಲೆ ನಾನು ಮನಸಾರೆ ಅತ್ತದ್ದು ಅವತ್ತೇ ಮೊದಲು.