ನಾಲ್ಕನೇ ಮೊನೆ

ನನ್ನ ದೊಡ್ಡಪ್ಪನ ಕೋಣೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ವಾಸನೆ. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದ ಹಾಲ್‌ನ ಹಿಂದಿನ ಆ ಗೂಡಿನಲ್ಲಿ ಅಂಟು, ವಾರ್ನಿಶ್, ಊರಿನ ಆಟಗಾರರೆಲ್ಲರ ಅಂಗೈ ಬೆವರು ಸೇರಿ ಹಳಸಿದ್ದವು. ಆಟದ ಕೋಲುಗಳನ್ನು ರಿಪೇರಿ ಮಾಡುವುದು, ಹಳೆಯ ಕೋಲು ತಂದವರಿಗೆ ಅದನ್ನು ಮಾಡಿದವರು ಯಾರು, ಎಷ್ಟು ಬಾಳುತ್ತದೆ ಎಂದು ಹೇಳುವುದು ನಲವತ್ತು ವರ್ಷ ಅವರ ಕಸುಬು. ಅವರಿಗೆ ಅಕ್ಷರ ಅಷ್ಟಕ್ಕಷ್ಟೇ, ಹಾಗಾಗಿ ಅವರು ಹೇಳಿದ್ದನ್ನು ಪತ್ರವಾಗಿ ಬರೆದುಕೊಡಲು ನಾನು. ಮನೆಗೆ ಹೋಗಿ ಮೂರು ಸಲ ಸೋಪು ಹಚ್ಚಿದರೂ ನನ್ನ ಕೈ ನಾರುತ್ತಿತ್ತು.

ಬರುವವರೂ ಹಾಗೇ. ತಮ್ಮ ಅಜ್ಜ ಇನ್ನೂ ಮಂಚದಲ್ಲಿ ಉಸಿರಾಡುತ್ತಿರುವಾಗಲೇ ಅವನ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಬಂದು "ಎಷ್ಟಕ್ಕೆ ಹೋಗುತ್ತೆ?" ಎನ್ನುವರು. ಕೆಲವರು ಹೊಳೆಯಲಿ ಅಂತ ಉಪ್ಪುಕಾಗದ ಹಾಕಿ ತಿಕ್ಕಿ, ಇದ್ದ ಗುರುತನ್ನೂ ಅಳಿಸಿ ತರುವರು. ಅಂಥ ಕೋಲನ್ನು ದೊಡ್ಡಪ್ಪ ಮುಟ್ಟುತ್ತಲೂ ಇರಲಿಲ್ಲ.

"ಮಾಡಿದವರ ಹೆಸರಿನ ಪ್ಲೇಟ್ ನೋಡ್ಬೇಡ ಕಣೇ," ಎಂದು ನನಗೆ ಹೇಳಿಕೊಟ್ಟಿದ್ದರು. "ಪ್ಲೇಟ್ ಯಾರು ಬೇಕಾದ್ರೂ ಅಂಟಿಸ್ತಾರೆ. ಮೊನೆ ನೋಡು."

ಕೋಲಿನ ದಪ್ಪ ಭಾಗದ ಕಪ್ಪು ಮರ, ಮುಂದಿನ ಬಿಳಿ ಮರದೊಳಗೆ ನಾಲ್ಕು ಮೊನೆಗಳಾಗಿ ಹೊಕ್ಕಿರುತ್ತದೆ. ಅವನ್ನು ಕೂಡಿಸುವುದರಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ. ದೊಡ್ಡಪ್ಪನ ಎಡ ಹೆಬ್ಬೆರಳು ಹುಟ್ಟಿನಿಂದಲೇ ಸೊಟ್ಟ. ಹಾಗಾಗಿ ಹಿಂದೆ ಅವರು ಮಾಡಿದ ಎಲ್ಲ ಕೋಲುಗಳಲ್ಲೂ ನಾಲ್ಕನೇ ಮೊನೆ ಉಳಿದವಕ್ಕಿಂತ ಅಕ್ಕಿಕಾಳಿನಷ್ಟು ಗಿಡ್ಡ.

ಒಂದು ಮಧ್ಯಾಹ್ನ ಹೊಲಿಗೆ ಕೆಲಸದ ಹೆಂಗಸೊಬ್ಬರು ಬೆಡ್‌ಶೀಟಿನಲ್ಲಿ ಸುತ್ತಿದ ಕೋಲು ತಂದರು. ಪ್ಲೇಟಿನ ಮೇಲೆ ಸಮುದ್ರದಾಚೆಯ ಹೆಸರಾಂತ ತಯಾರಕನ ಹೆಸರು. ಅದು ನಿಜವಾದರೆ ಒಂದು ಕಾರಿನ ಬೆಲೆ, ಸುಳ್ಳಾದರೆ ಎರಡು ಟೀ.

"ನಮ್ಮ ಯಜಮಾನ್ರದ್ದು ಅಣ್ಣಾ. ಡೂಪ್ಲಿಕೇಟು ಅಂತ ಕ್ಲಬ್ಬಿನೋರು ಅವ್ರು ಸಾಯೋವರೆಗೂ ಆಡ್ಕೊಂಡ್ರು. ಬುರುಡೆ ಅಂತ್ಲೇ ಕರೀತಿದ್ರು. ಅಸಲಿ ಅಂತ ನೀವು ಬರ್ಕೊಟ್ರೆ ಫೋಟೋ ಜೊತೆ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ನಾನು ಮಾರೋಕೆ ಬಂದಿಲ್ಲ. ಆ ಬಾಯಿಗಳು ಮುಚ್ಚಿದ್ರೆ ಸಾಕು."

ದೊಡ್ಡಪ್ಪನ ಹೆಬ್ಬೆರಳು ಮೊನೆಗಳ ಮೇಲೆ ಒಂದು ಸುತ್ತು ಬಂದು ನಾಲ್ಕನೆಯದರ ಮೇಲೆ ನಿಂತಿತು. ನಾನೂ ಬಗ್ಗಿ ನೋಡಿದೆ. ಗಿಡ್ಡ. ದೊಡ್ಡಪ್ಪನದೇ ಕೈ. ಪ್ಲೇಟ್ ನಂಬಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮಹಾನುಭಾವ ಇವರೇ.

"ಇದು ನಾನು ಮಾಡಿದ್ದಮ್ಮಾ," ಎಂದರು. "ಆಗ ಕೆಲಸಕ್ಕಿದ್ದ ಅಂಗಡೀಲಿ ಇಂಥ ಪ್ಲೇಟು ಡಬ್ಬಿ ತುಂಬ ಇದ್ವು. ಅಂಟಿಸಿದ್ದೂ ನಾನೇ."

ಚಾಕುವಿನ ತುದಿಯಿಂದ ಪ್ಲೇಟನ್ನು ಎಬ್ಬಿಸಿ ಮೇಜಿನ ಮೇಲಿಟ್ಟರು. ಅದರಡಿ ಹಳದಿ ಅಂಟು ಸಿಂಬಳದ ಹಾಗೆ ಒಣಗಿತ್ತು.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಪ್ಲೇಟನ್ನು ದೊಡ್ಡಪ್ಪನ ಕಡೆ ಸರಿಸಿ ಕೇಳಿದರು.

"ನಿಮ್ಮನ್ನ ಬಿಟ್ರೆ ಇದು ಇನ್ಯಾರಿಗೆ ಗೊತ್ತಾಗುತ್ತೆ?"

"ಇವಳಿಗೆ," ಎಂದು ದೊಡ್ಡಪ್ಪ ನನ್ನತ್ತ ಕೈ ತೋರಿಸಿದರು.

"ವಾಪಸ್ ಅಂಟಿಸಿ ಅಣ್ಣಾ. ಮೋಸ ಮಾಡಿದ್ದು ನೀವು. ಸುಳ್ಳ ಅನ್ನಿಸ್ಕೊಂಡಿದ್ದು ಅವ್ರು."

ದೊಡ್ಡಪ್ಪ ಹಳೆಯ ಅಂಟು ಕೆರೆದು, ಹೊಸದು ಹಚ್ಚಿ, ಕೂದಲೆಳೆಯಷ್ಟೂ ವಾರೆಯಾಗದಂತೆ ಪ್ಲೇಟನ್ನು ಕೂರಿಸಿದರು. ಕೈ ಎಷ್ಟು ಪಳಗಿತ್ತೆಂದರೆ ನೋಡಲು ಹೇಸಿಗೆಯಾಯಿತು. ನಾನು ಬರೆಯುವುದಿಲ್ಲ ಎನ್ನಬಹುದಿತ್ತು. ಆದರೂ ಪೆನ್ನು ತೆಗೆದೆ.

"ಅಸಲಿ ಅಂತ ಒಂದು ಸಾಲು ಬರಿ, ಸಾಕು," ಎಂದರು ದೊಡ್ಡಪ್ಪ. ಬರೆದೆ. ಅವರು ಕೆಳಗೆ ಸಹಿ ಗೀಚಿ ಕೈ ತೊಳೆಯಲು ನಲ್ಲಿಯ ಕಡೆ ಹೋದರು.

ಒಂದೇ ಸಾಲಿಗೆ ಕ್ಲಬ್ಬಿನವರ ಬಾಯಿ ಮುಚ್ಚುವುದಿಲ್ಲ ಅನ್ನಿಸಿತು. ಸಹಿಯ ಮೇಲೆ ಉಳಿದಿದ್ದ ಜಾಗದಲ್ಲಿ, "ನಾಲ್ಕೂ ಮೊನೆ ಪರೀಕ್ಷಿಸಲಾಗಿದೆ, ಸಮವಾಗಿವೆ" ಎಂಬ ಸಾಲನ್ನು ನಾನೇ ಸೇರಿಸಿದೆ.