ಸೊವೊಕ್‌ಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಕೆನಡಾದಲ್ಲಿ ನನಗೆ ಸಿಕ್ಕಿದ ಮೊದಲ ಸರಿಯಾದ ಕೆಲಸದ ದಿನ ನನಗೆ ಎಂಬತ್ತು ವರ್ಷವಾಗಿತ್ತು, ಗಂಡ ತೀರಿಕೊಂಡಿದ್ದ, ಮಂಡಿ ಮಡಚಲು ಬರುತ್ತಿರಲಿಲ್ಲ. ಹಾಗಂತ ನಾನೇ ನನ್ನ ಬಾಯಿಂದ ಇಂಗ್ಲಿಷಿನಲ್ಲಿ ಹೇಳಿದೆ. ದುಭಾಷಿ ಕೆಲಸದ ಮೊದಲ ನಿಯಮವೇ ಅದು. ಎದುರಿಗಿರುವವರು "ನಾನು" ಎಂದರೆ ನಾವೂ "ನಾನು" ಎನ್ನಬೇಕು. ಎರಡನೆಯದು, ಒಂದು ಮಾತು ಬಿಡಬಾರದು, ಒಂದು ಮಾತು ಸೇರಿಸಬಾರದು.

ಪುತ್ತೂರಿನಿಂದ ಡಾಕ್ಟರ್ ಓದಲು ರಷ್ಯಾಕ್ಕೆ ಹೋಗಿ ಆರು ವರ್ಷ ಇದ್ದವಳು ನಾನು. ಮದುವೆಯಾಗಿ ಕೆನಡಾದ ವಿಟ್ಬಿಯ ಬೇಸ್‌ಮೆಂಟಿಗೆ ಬಂದಾಗ ಆ ಡಿಗ್ರಿ ಇಲ್ಲಿ ನಡೆಯುವುದಿಲ್ಲ ಎಂದು ಗೊತ್ತಾಯಿತು. ಕಿಟಕಿಯಲ್ಲಿ ಓಡಾಡುವವರ ಬೂಟು ಮಾತ್ರ ಕಾಣುತ್ತಿದ್ದ ಆ ಮನೆಯಲ್ಲಿ ಎರಡು ಚಳಿಗಾಲ ಕಳೆದೆ. ಕೊನೆಗೆ ಕೈಹಿಡಿದದ್ದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕಲಿತ ರಷ್ಯನ್. ಊರಿನ ಚಿಕ್ಕಮ್ಮನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಕೆನಡದಲ್ಲಿ ಇಂಗ್ಲಿಷ್ ಅಲ್ವಾ? ನಿಂಗೆ ರಷ್ಯದವ್ರು ಎಲ್ಲಿ ಸಿಗುದು ಮಾರಾಯ್ತಿ?" ಎಂದು ಪ್ರತಿ ಸಲ ಫೋನಿನಲ್ಲಿ ಕೇಳುತ್ತಾರೆ.

ಆ ಎಂಬತ್ತು ವರ್ಷ ಗಲೀನಾ ಪೆತ್ರೋವ್ನಾ ಎಂಬ ಅಜ್ಜಿಯದು. ಪಿಕರಿಂಗ್‌ನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು, ಎರಡು ಸಲ ಜಾರಿ ಬಿದ್ದಿದ್ದರು. ಸಹಾಯಕ್ಕೆ ಜನ ಕಳಿಸಿ ಅಲ್ಲೇ ಇರಲು ಬಿಡುವುದೋ, ವೃದ್ಧರ ಕೇರ್ ಹೋಮಿಗೆ ಸೇರಿಸುವುದೋ ಎಂದು ನೋಡಲು ಸರ್ಕಾರದ ಕಡೆಯ ಕೇಸ್‌ವರ್ಕರ್ ಹುಡುಗಿ ಬರುವವಳಿದ್ದಳು. ಅವಳಿಗಿಂತ ಮೊದಲೇ ತಲುಪಿ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಅಜ್ಜಿ ನನ್ನ ತೋಳು ಹಿಡಿದು, "ನಾನು ಈ ಮನೆ ಬಿಟ್ಟು ಹೋಗುವುದಿಲ್ಲ, ಮಗಳೇ" ಎಂದರು. ಆದರೆ ಮಾತುಕತೆ ಶುರುವಾಗುವ ಮೊದಲು ಕೇಳಿದ್ದನ್ನು ನಾನು ಕೇಸ್‌ವರ್ಕರ್‌ಗೆ ಹೇಳುವಂತಿಲ್ಲ.

ಕೇಸ್‌ವರ್ಕರ್, ಅಜ್ಜಿಯ ಮಗಳು ಇರೀನಾ ಎಲ್ಲರೂ ಬಂದು ಕೂತ ಮೇಲೆ ಅಜ್ಜಿ ಕಪಾಟಿನಿಂದ ರಿಬ್ಬನ್ ಕಟ್ಟಿದ ಚಾಕೊಲೇಟ್ ಡಬ್ಬಿ ತೆಗೆದು ಕೇಸ್‌ವರ್ಕರಳ ಫೈಲಿನ ಮೇಲಿಟ್ಟರು. ಅವಳು ಗಾಬರಿಯಾಗಿ, ಇದನ್ನು ತಾನು ಮುಟ್ಟುವಂತಿಲ್ಲ ಎಂದು ಹಿಂದಕ್ಕೆ ತಳ್ಳಿದಳು. ರಷ್ಯಾದಲ್ಲಿ ಇಂಥ ಡಬ್ಬಿ ನಾನೂ ಕೊಟ್ಟಿದ್ದೇನೆ, ಹಾಸ್ಟೆಲ್ ವಾರ್ಡನ್ನಿಗೆ, ಕ್ಲಿನಿಕ್ಕಿನ ನರ್ಸಿಗೆ. ನಮ್ಮಲ್ಲಿ ಮನೆಗೆ ಬಂದ ಗ್ರಾಮಕರಣಿಕರಿಗೆ ಎಳನೀರು ಕೆತ್ತಿ ಕೊಟ್ಟ ಹಾಗೆ. ಅದನ್ನು ಲಂಚವೆಂದು ಯಾರೂ ಅಂದುಕೊಳ್ಳುವುದಿಲ್ಲ, ಕೊಡದಿದ್ದರೆ ಮಾತ್ರ ಕಸಿವಿಸಿ.

ಇರೀನಾಳ ಮುಖ ಕೆಂಪೇರಿತು. "ಇದು ಅಲ್ಲಿಯ ಆಫೀಸಲ್ಲ ಅಮ್ಮಾ! ಇಪ್ಪತ್ತು ವರ್ಷ ಆಯ್ತು ಇಲ್ಲಿಗೆ ಬಂದು. ಸೊವೊಕ್!"

ಸೋವಿಯತ್ ಕಾಲದ ಬುದ್ಧಿ ಬಿಡದವರನ್ನು ಹಳಿಯುವ ಮಾತು ಅದು. ಕ್ಯೂ ಕಂಡಲ್ಲಿ ನಿಲ್ಲುವುದು, ಅಧಿಕಾರಿಯ ಮುಂದೆ ಹಲ್ಲು ಗಿಂಜುವುದು, ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸುವುದು, ಎಲ್ಲವೂ ಅದರಲ್ಲಿದೆ. ಬೈಯುವವರಿಗೆ ತಾವೂ ಅದೇ ಮನೆಯಲ್ಲಿ ಹುಟ್ಟಿದವರೆಂಬ ನಾಚಿಕೆಯೂ ಇದೆ. ಕೇಸ್‌ವರ್ಕರ್ ನನ್ನ ಮುಖ ನೋಡಿದಳು. ಕಮ್ಯುನಿಸ್ಟ್ ಎನ್ನೋಣವೆಂದರೆ ಆ ಅಜ್ಜಿ ಜೀವಮಾನವಿಡೀ ಬಟ್ಟೆ ಗಿರಣಿಯಲ್ಲಿ ದುಡಿದವರು. ಹಳೇ ಕಾಲದವಳು ಎಂದರೆ ಅದು ಬೈಗುಳವೇ ಅಲ್ಲ. ನನಗೆ ತುಳುವಿನಲ್ಲೂ ಮಾತು ಹೊಳೆಯಲಿಲ್ಲ, ಕನ್ನಡದಲ್ಲೂ ಹೊಳೆಯಲಿಲ್ಲ. ಕೊನೆಗೆ "ಮಾಮ್, ಯು ಆರ್ ಸೋ ಸೋವಿಯತ್" ಎಂದುಬಿಟ್ಟೆ. ಕೇಸ್‌ವರ್ಕರ್ ನಕ್ಕಳು. ರಷ್ಯನ್‌ನಲ್ಲಿ ಕೇಳಿಸಿಕೊಂಡವರು ಯಾರೂ ನಗುತ್ತಿರಲಿಲ್ಲ.

ಅಜ್ಜಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅವರದು ಒಂದೇ ಉತ್ತರ. ಸ್ನಾನಕ್ಕೆ ಯಾರಾದರೂ ಜೊತೆಗಿದ್ದರೆ ಒಳ್ಳೆಯದಲ್ಲವೇ? "ಕಾಕ್ ಸ್ಕಾಜೆತೆ." ಒಲೆ ಹಚ್ಚುವ ಕೆಲಸ ಇಲ್ಲದಿದ್ದರೆ ಹಗುರವಲ್ಲವೇ? "ಕಾಕ್ ಸ್ಕಾಜೆತೆ." ನೀವು ಹೇಳಿದ ಹಾಗೆ ಎಂದರ್ಥ. ಕೊನೆಗೆ ಕೇಸ್‌ವರ್ಕರ್ ಮೆತ್ತಗೆ ಕೇಳಿದಳು, ಕೇರ್ ಹೋಮಿಗೆ ಹೋಗಲು ನಿಮಗೆ ಒಪ್ಪಿಗೆಯೇ?

ಅಜ್ಜಿ ಮತ್ತೆ ಅದನ್ನೇ ಅಂದರು. "ಆ್ಯಸ್ ಯು ಸೇ" ಎಂದೆ ನಾನು. ಅವಳು ಒಪ್ಪಿಗೆಯೆಂದು ಬರೆದುಕೊಂಡಳು.

ಅವಳದೇನೂ ತಪ್ಪಿಲ್ಲ. ಇಲ್ಲಿ ಜನ ಬೇಡವಾದರೆ ಬೇಡ ಎನ್ನುತ್ತಾರೆ. ನನ್ನ ಅಪ್ಪ ತಾಲೂಕು ಆಫೀಸಿನಲ್ಲಿ "ನೀವು ಹೇಳಿದ ಹಾಗೆ ಸಾರ್" ಎಂದು ಬಂದ ದಿನ ಊಟಕ್ಕೂ ಏಳುತ್ತಿರಲಿಲ್ಲ. ಫೈಲು ಹಿಡಿದವರ ಮುಂದೆ ಕೈಚೆಲ್ಲಿದವರ ಮಾತು ಅದು. ನನಗೆ ಗೊತ್ತಿತ್ತು. ಇದು ಒಪ್ಪಿಗೆಯಲ್ಲ, ಇನ್ನೊಮ್ಮೆ ಕೇಳಿ ಎನ್ನಬಹುದಿತ್ತೇನೋ. ಎರಡನೇ ನಿಯಮ ನೆನಪಾಯಿತು, ಕಷ್ಟಪಟ್ಟು ಸಿಕ್ಕಿದ ಕೆಲಸ ಹೋದೀತೆಂದು ಹೆದರಿಕೆಯಾಯಿತು, ಬಾಯಿ ಮುಚ್ಚಿ ಕೂತೆ. ಹೊರಡುವಾಗ ಅಜ್ಜಿ ನನ್ನ ಮುಖ ನೋಡಲಿಲ್ಲ.

"ಮಂಡೆಬಿಸಿ ಎಂತಕ್ಕೆ?" ಎಂದರು ರಾತ್ರಿ ಮನೆಯಲ್ಲಿ ಎಲ್ಲ ಕೇಳಿದ ನನ್ನ ಗಂಡ. "ನೀನು ಹೇಳಿದ್ರಲ್ಲಿ ತಪ್ಪುಂಟಾ?"

"ಇಲ್ಲ."

"ಮತ್ತೆಂತ?"

ಗಲೀನಾ ಪೆತ್ರೋವ್ನಾ ಮುಂದಿನ ತಿಂಗಳು ಕೇರ್ ಹೋಮಿಗೆ ಹೋದರು.

ಅದಾಗಿ ಎಷ್ಟೋ ವರ್ಷವಾಯಿತು. ಮೊನ್ನೆ ಮಗಳ ಶಾಲೆಯಲ್ಲಿ ಟೀಚರನ್ನು ಕಾಣಲಿಕ್ಕಿತ್ತು. ಬ್ಯಾಗಿನಲ್ಲಿ ಪುತ್ತೂರಿನ ಗೇರುಬೀಜದ ಪೊಟ್ಟಣ ಇಟ್ಟುಕೊಂಡಿದ್ದೆ. ಕಳೆದ ಸಲ ಊರಿಗೆ ಹೋದಾಗ ಅದನ್ನು ಕಟ್ಟಿಕೊಡುತ್ತ ಚಿಕ್ಕಮ್ಮ, "ನೀನೀಗ ಕೆನಡದವಳು, ಇದೆಲ್ಲ ತಿಂತೀಯಾ?" ಎಂದು ನಕ್ಕಿದ್ದರು. ಪಾರ್ಕಿಂಗಿನಲ್ಲಿ ಮಗಳ ಕಣ್ಣು ಅದರ ಮೇಲೆ ಬಿತ್ತು. ಇಲ್ಲೇ ಹುಟ್ಟಿದವಳು, ಹದಿನಾಲ್ಕು ವರ್ಷ.

"ಟೀಚರ್‌ಗಾ? ಅಮ್ಮಾ, ಪ್ಲೀಸ್. ಡೋಂಟ್ ಬಿ ಸೋ ಇಂಡಿಯನ್."

ನಗು ಬರಲಿಲ್ಲ. ಪೊಟ್ಟಣವನ್ನು ಕಾರಿನ ಸೀಟಿನ ಮೇಲೆ ಬಿಟ್ಟು ಒಳಗೆ ಹೋದೆ. ಮಗಳಿಗೆ ಗಣಿತ ಕಷ್ಟವಾಗುತ್ತಿದೆ, ಮುಂದಿನ ವರ್ಷ ಸುಲಭದ ಕೋರ್ಸಿಗೆ ಹಾಕೋಣವೇ ಎಂದು ಫೋನಿನಲ್ಲಿ ಕೇಳಿದ್ದನ್ನೇ ಟೀಚರ್ ಮತ್ತೆ ಕೇಳಿದರು. ಬೇಡ, ನಾನು ಮನೆಯಲ್ಲಿ ಕೂತು ಕಲಿಸುತ್ತೇನೆ ಎನ್ನಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರ ಮುಂದೆ ಫೈಲಿತ್ತು, ಕೈಯಲ್ಲಿ ಪೆನ್ನಿತ್ತು.

"ಆ್ಯಸ್ ಯು ಸೇ" ಎಂದೆ. ಈ ಸಲ ಅದು ಯಾರ ಪರವಾಗಿಯೂ ಆಡಿದ ಮಾತಾಗಿರಲಿಲ್ಲ. ಟೀಚರ್ ಥ್ಯಾಂಕ್ಯೂ ಎನ್ನುತ್ತ ಒಪ್ಪಿಗೆಯೆಂದು ಬರೆದುಕೊಂಡರು.