ಭಾವುಸಾಹೇಬನ ಲಿನಕ್ಸ್ ದೀಕ್ಷೆ

ಪ್ರಿಂಟರು ಗೊರಗೊರ ಅಂದು ಹಾಳೆಯನ್ನು ಹೊರಗೆ ಉಗುಳಿದ್ದೇ ತಡ, ಭಾವುಸಾಹೇಬ ಉಗಾರೆ ಅದನ್ನು ನೋಡದೆಯೇ ಎತ್ತಿ, ಬೆನ್ನ ಹಿಂದೆ ನಿಂತಿದ್ದ ಮಾಳೇಶನ ಕೈಗೆ ಚಾಚಿದ. ನೋಡದೆ ಕೊಡುವುದರಲ್ಲಿ ಒಂದು ಗತ್ತಿದೆ. ಚಿಕ್ಕೋಡಿ ಕೋರ್ಟಿನ ಎದುರು ಅರ್ಧ ಆಯುಷ್ಯ ಡಿಟಿಪಿ ಮಾಡಿ ಸವೆಸಿದ ಮನುಷ್ಯನಿಗೆ ಆ ಗತ್ತಾದರೂ ಬೇಡವೇ?

"ತಗೋ, ನಿನ್ನ ಮಗಳ ತೊಟ್ಟಲ ಪತ್ರಿಕಾ. ಬರೋಬರಿ ಐತೇನು ನೋಡಿ ಹೇಳು, ಬಾಕಿದ್ದು ಹೊಡದುಬಿಡ್ತೀನಿ."

ಮಾಳೇಶ ರಾಯಬಾಗದ ಕಡೆಯ ಕುರಿಗಾರ. ಕುರಿಯನ್ನು ಅಣ್ಣನ ಮೇಲೆ ಬಿಟ್ಟು ಬಸ್ಸು ಹಿಡಿದು ಬಂದಿದ್ದ. ಹಾಳೆಯನ್ನು ನೆಟ್ಟಗೆ ಹಿಡಿದು ನೋಡಿದ, ಬುಡಮೇಲು ಮಾಡಿ ನೋಡಿದ, ಬಾಗಿಲ ಬೆಳಕಿಗೆ ಒಡ್ಡಿಯೂ ನೋಡಿದ.

"ಸಾವಕಾರ್ರ, ಕೂಸಿಗೆ ಕೋಮಲ ಅಂತ ಹೆಸರ ಇಡಬೇಕಂತ ಮನ್ಯಾಗ ಎಲ್ಲಾರೂ ಕೂಡಿ ಮಾತಾಡೇವ್ರಿ."

"ಗೊತ್ತೈತಿ. ಅದನ್ನ ಹಾಕೀನಿ."

"ಇಲ್ಲಿ ನೀವು ಬ್ಯಾರೆ ಏನೋ ಇಟ್ಟೀರಿ. ನನ್ನ ಬಾಯಾಗಂತೂ ಹೊಳ್ಳವಲ್ದು."

ಭಾವುಸಾಹೇಬ ಹಾಳೆ ಕಸಿದುಕೊಂಡ. ಗಣಪತಿಯ ಚಿತ್ರ ಸರಿಯಾಗಿತ್ತು, ತೊಟ್ಟಿಲಿನ ಚಿತ್ರವೂ ಸರಿಯಾಗಿತ್ತು. ಆದರೆ 'ಶ್ರೀ' ಇರಬೇಕಾದ ಕಡೆ '²æÃ' ಅಂತಿತ್ತು. ಕೂಸಿನ ಹೆಸರು 'PÉÆÃªÀÄ®' ಎಂದು ಬಿದ್ದಿತ್ತು. ಪರದೆಯ ಮೇಲೆ ಮುತ್ತಿನಂತೆ ಇದ್ದ ಕನ್ನಡ, ಪ್ರಿಂಟರಿನ ಹೊಟ್ಟೆಯೊಳಗೆ ಹೋಗಿ ಬರುವಷ್ಟರಲ್ಲಿ ಹೀಗಾಗಿತ್ತು. ಅಫಿಡವಿಟ್ ಮಾಡಿಸಲು ಬೆಂಚಿನ ಮೇಲೆ ಕೂತಿದ್ದ ವಕೀಲರ ಗುಮಾಸ್ತರಿಬ್ಬರು ಕತ್ತು ಉದ್ದ ಮಾಡಿದರು.

"ಇದು ಯಾವ ಭಾಷಾರಿ?" ಮಾಳೇಶ ಭಕ್ತಿಯಿಂದಲೇ ಕೇಳಿದ.

ಭಾವುಸಾಹೇಬ ಹಾಳೆಯನ್ನು ಮತ್ತೊಮ್ಮೆ ನೋಡಿದ. "ಇದು... ಲಿನಕ್ಸ್."

"ಹಂಗಾರ ಇರ್ಲಿ ಬಿಡ್ರಿ, ಚಲೋ ಕಾಣತೈತಿ. ಆದ್ರ ನಮ್ಮ ಬೀಗರು ಪಾವಣ್ಯಾರಾಗ ಅದನ್ನ ಓದಾಕ ಬರೋರು ಯಾರೂ ಇಲ್ರಿ."

ಗುಮಾಸ್ತರು ನಕ್ಕರು. ಭಾವುಸಾಹೇಬನೂ ನಕ್ಕ. ಅಂಗಡಿ ತನ್ನದಾದ್ದರಿಂದ ಎದ್ದು ಹೋಗುವಂತಿರಲಿಲ್ಲ.

ಅವನನ್ನು ಈ ಸ್ಥಿತಿಗೆ ತಂದವನು ಸುಜಯ ಖೋತ, ನಿಪ್ಪಾಣಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ. ಓದುವ ಕಾಲಕ್ಕೆ ಇಬ್ಬರೂ ಚಿಕ್ಕೋಡಿಯ ಹಾಸ್ಟೆಲಿನ ಒಂದೇ ಖೋಲಿಯಲ್ಲಿದ್ದವರು, ಒಂದೇ ಟ್ರಂಕಿನಲ್ಲಿ ಬಟ್ಟೆ ಇಟ್ಟವರು, ಯಾವ ಅಂಗಿ ಯಾರದೆಂದು ಕೊನೆಯವರೆಗೂ ತೀರ್ಮಾನವಾಗದೇ ಉಳಿದವರು. ಐವತ್ತು ದಾಟಿದ ನಮ್ಮಂಥ ಗಂಡಸರಲ್ಲಿ ಒಂದು ದೋಷವಿದೆ. ಹೆಂಡತಿ ಕೊಟ್ಟ ಕಷಾಯವನ್ನು ಮೂಸಿ ನೋಡಿ ಬದಿಗಿಡುತ್ತೇವೆ; ಹಳೆಯ ಗೆಳೆಯ ಕೊಟ್ಟದ್ದು ಏನೇ ಇರಲಿ, ಬಸಿಯಲ್ಲಿ ಸುರಿದುಕೊಂಡು ಸೊರ್ರೆಂದು ಕುಡಿಯುತ್ತೇವೆ.

ಒಂದು ರವಿವಾರ ಸುಜಯ ಅಂಗಡಿಗೆ ಬಂದಾಗ ಭಾವುಸಾಹೇಬನ ಹಳೆಯ ಕಂಪ್ಯೂಟರು ಉಸಿರು ಹಿಡಿದು ಕೂತಿತ್ತು. ಅದರಲ್ಲಿದ್ದದ್ದು ವಿಂಡೋಸಿನ ಕಳ್ಳ ಪ್ರತಿ. ಮೇಲಾಗಿ ಕೋರ್ಟಿನ ಕಡೆಯಿಂದ ಬರುವ ಪೆನ್‌ಡ್ರೈವುಗಳು ಊರ ಜಾತ್ರೆಯ ನೆಗಡಿಯಂತೆ ವೈರಸ್ ಹಂಚಿ ಹೋಗುತ್ತಿದ್ದವು.

"ಅರೇ ಭಾವ್ಯಾ, ಇದನ್ನ ತಗದ ಒಗಿ. ಲಿನಕ್ಸ್ ಹಾಕೋ," ಅಂದ ಸುಜಯ. "ಕಳ್ಳ ಮಾಲಿಲ್ಲ, ಪುಕ್ಕಟೆ. ವೈರಸ್ಸಂತೂ ಬರೂದ ಇಲ್ಲ. ನೀ ಆ್ಯಂಟಿವೈರಸ್ ಹಾಕ್ಕೊಂಡು ದಿನಾ ಸಾವಿರಗಟ್ಟಲೆ ಕೊಲ್ಲಾಕತ್ತೀದಿ. ಶ್ರಾವಕ ಆಗಿ ಹುಟ್ಟಿ ಇದೆಂಥಾ ಹಿಂಸಾಲೇ?"

ಸಂಜೆಯಾದ ಮೇಲೆ ಊಟ ಮಾಡದ, ಗಡ್ಡೆ ಗೆಣಸು ಮುಟ್ಟದ ಜೈನ ಮನೆತನದ ಭಾವುಸಾಹೇಬ ಈ ವಾದಕ್ಕೆ ಬಿದ್ದೇಬಿಟ್ಟ. ಸುಜಯ ಅಲ್ಲೇ ಕೂತು ಲಿನಕ್ಸ್ ಹಾಕಿಕೊಟ್ಟ. ಅವನ ಮಾತಿನ ಪ್ರಕಾರ ತಾನು ಮನೆಯಲ್ಲಿ ಬೇರೆ ಯಾವುದನ್ನೂ ಮುಟ್ಟುತ್ತಲೇ ಇರಲಿಲ್ಲ.

ಮೊದಮೊದಲು ಎಲ್ಲ ಚಂದವಿತ್ತು. ಕಂಪ್ಯೂಟರು ಗುಂಡಿ ಒತ್ತಿದ ಕೂಡಲೇ ಎದ್ದು ಕೂರುತ್ತಿತ್ತು. ಭಾವುಸಾಹೇಬ ಚಹಾದ ಅಂಗಡಿಯಲ್ಲಿ ಲಿನಕ್ಸಿನ ಪ್ರಚಾರಕನಾದ; ಬಸ್ಸಿಗೆ ಕಾಯುವವರಿಗೂ ಬೋಧನೆ ಮಾಡಿದ. ಅದೇ ಹೊತ್ತಿಗೆ ಸುಜಯನ ಮಗಳು ಸ್ನೇಹಲಳ ಲಗ್ನ ಗೊತ್ತಾಯಿತು. ಕಾಗವಾಡದಲ್ಲಿ ನಿಶ್ಚಯದ ಊಟದ ಹೊತ್ತಿಗೆ, ಬೀಗರೆಲ್ಲ ಕೂತಿದ್ದಾಗ, ಸುಜಯ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಸಾರಿದ: "ಪತ್ರಿಕಾ ನಮ್ಮ ಭಾವ್ಯಾನ ಮಾಡಾಂವ. ಒಂದು ಕಡೆ ಕನ್ನಡ, ಒಂದು ಕಡೆ ಮರಾಠಿ. ಎಲ್ಲಾ ಲಿನಕ್ಸ್‌ನ್ಯಾಗ!"

ಬೀಗರಿಗೆ ಲಿನಕ್ಸ್ ಅಂದರೆ ಯಾವುದೋ ದುಬಾರಿ ಕಾಗದವೆನಿಸಿ ತಲೆಯಾಡಿಸಿದರು. ಭಾವುಸಾಹೇಬನ ಎದೆ ಮಾತ್ರ ಉಬ್ಬಿತು. ಸ್ನೇಹಲ ಅವನ ತೊಡೆಯ ಮೇಲೆ ಕೂತು ಆಡಿದ ಹುಡುಗಿ. ಊರಿಗೆಲ್ಲ ಪತ್ರಿಕೆ ಮಾಡಿದವನಿಗೆ ಈ ಒಂದು ಪತ್ರಿಕೆ ತನ್ನ ಕೈಯಿಂದಲೇ ಆಗಬೇಕೆಂಬ ಆಸೆ ಅಂದಿನಿಂದ ಹತ್ತಿಕೊಂಡಿತು.

ಲಿನಕ್ಸಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ, ಮರುದಿನದಿಂದಲೇ ಅದು ಹಟ ಹಿಡಿಯಿತು. ಅಪ್‌ಡೇಟ್ ಮಾಡಿದ ಮೇಲೆ ವೈಫೈ ಕಾಣೆಯಾಯಿತು. ವೈಫೈ ಬಂದ ದಿನ ಸ್ಪೀಕರು ಮೂಕಾಯಿತು. ಕನ್ನಡ, ಮರಾಠಿ, ಇಂಗ್ಲಿಷು ಮೂರಕ್ಕೂ ಕೀಬೋರ್ಡ್ ಬದಲಿಸುವ ಗುಂಡಿಯಿತ್ತು. ಮರಾಠಿಯಲ್ಲಿ ಬಿಟ್ಟದ್ದು ಮರೆತು ಪಾಸ್‌ವರ್ಡ್ ಹೊಡೆದರೆ, ಯಂತ್ರ ತನ್ನ ಮಾಲೀಕನನ್ನೇ ಹೊಸ್ತಿಲ ಹೊರಗೆ ನಿಲ್ಲಿಸುತ್ತಿತ್ತು. ಇನ್ನು ಹುಕುಂ ಕೊಡುವ ಆ ಕರಿ ಪರದೆಯಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಒಂದು ಚುಕ್ಕೆಯೂ ಮೂಡುವುದಿಲ್ಲವೆಂಬುದು ಅವನಿಗೆ ತಿಳಿದಿರಲಿಲ್ಲ. ಕೀಬೋರ್ಡ್ ಸತ್ತಿದೆಯೆಂದು ಹೊಸದು ತಂದ. ಅದೂ ಸತ್ತಿತ್ತು. ಅಂಗಡಿಯವನಿಗೆ ಬೈದು ಮತ್ತೊಂದು ತಂದ. ಅದೂ ಸತ್ತಿದ್ದು ನೋಡಿ, ತನ್ನ ಬೆರಳುಗಳನ್ನೇ ಬೆಳಕಿಗೆ ಹಿಡಿದು ಪರೀಕ್ಷಿಸಿದ.

ಎಲ್ಲಕ್ಕೂ ಸುಜಯನೇ ವೈದ್ಯ. ಫೋನಿನಲ್ಲಿ ಹೇಳುವ ಅವನ ಮದ್ದೆಲ್ಲ 'ಸುಡೊ ಆಪ್ಟ್' ಎಂದೇ ಶುರುವಾಗುತ್ತಿತ್ತು. ಸುಡೊ ಅಂದರೆ ಯಜಮಾನನ ಅಧಿಕಾರದಿಂದ ಹುಕುಂ ಮಾಡುವುದು, ಆಪ್ಟ್ ಅಂದರೆ ಬೇಕಾದ ಸಾಮಾನು ತರಿಸಿಕೊಳ್ಳುವುದು ಎಂದು ಸುಜಯ ಬಿಡಿಸಿ ಹೇಳಿದ್ದ. ಅಂಗಡಿಯ ಹಿಂದಿನ ಒಳಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ಭಾವುಸಾಹೇಬನ ಹೆಂಡತಿ ಉಜ್ವಲಾಗೆ ಮಾತ್ರ ಅದು ಬೇರೆಯೇ ಕೇಳುತ್ತಿತ್ತು.

"ರೀ, ಆ ಸುಜಯಣ್ಣ ಮೊದಲನೇ ದಿನದಿಂದ 'ಸುಡು, ಸುಡು' ಅಂತ ಹೇಳಾಕತ್ತಾರ. ನೀವ ಕೇಳವಲ್ರಿ."

"ನಿನಗ ತಿಳಿಯೂದಿಲ್ಲ ಸುಮ್ಮನಿರ. ಅಂವಾ ಅದಾನ ಅಂತ ಇಷ್ಟರ ನಡದೈತಿ."

ಅಂವಾ ಇದ್ದಾನೆಂಬುದೇ ಅವನ ಬಲ. ಗಿರಾಕಿಗಳು ಪಕ್ಕದ ಅಂಗಡಿಗೆ ಸರಿದರೂ, ಗುಮಾಸ್ತರು ಮಾಳೇಶನ ಹಾಳೆಯನ್ನು ತೋರಿಸಿ "ಭಾವುಸಾಹೇಬ್ರ, ಇದಕ್ಕ ಕನ್ನಡದಾಗ ಏನಂತಾರ್ರೀ?" ಎಂದು ಕಿಚಾಯಿಸಿದರೂ, ಅವನು ಲಿನಕ್ಸಿನ ಮರ್ಯಾದೆ ಬಿಟ್ಟುಕೊಡಲಿಲ್ಲ. ಲಿನಕ್ಸಿನ ಮರ್ಯಾದೆ ಅಂದರೆ ಸುಜಯನ ಮರ್ಯಾದೆ.

ಮಾಳೇಶನಿಗೆ ಎರಡು ದಿನ ಬಿಟ್ಟು ಬಾ ಎಂದು ಹೇಳಿ ಕಳಿಸಿದ ಮೇಲೆ, ಭಾವುಸಾಹೇಬ ಸ್ನೇಹಲಳ ಪತ್ರಿಕೆಯನ್ನು ಪ್ರಿಂಟ್ ಕೊಟ್ಟು ನೋಡಿದ. ಅದೂ '²æÃ' ಎಂದೇ ಶುರುವಾಯಿತು. ಸುಜಯನಿಗೆ ಫೋನು ಹಚ್ಚಿದ. ಇತ್ತೀಚೆಗೆ ಅವನು ಮೊದಲಿನಂತೆ ಎತ್ತುತ್ತಿರಲಿಲ್ಲ. ಎತ್ತಿದರೂ ಹಿಂದೆ ಗದ್ದಲವಿರುತ್ತಿತ್ತು. ಈ ಸಲ ನಾಲ್ಕನೇ ಕರೆಗೆ ಎತ್ತಿದ. ಯಾವುದೋ ಪೇಟೆಯಲ್ಲಿದ್ದಂತಿತ್ತು.

"ಲೇ ಸುಜ್ಯಾ, ಕನ್ನಡ ಅಕ್ಷರ ಪ್ರಿಂಟಿನ್ಯಾಗ ಎಲ್ಲಾ ಹೊಲಗೆಟ್ಟು ಬರಾಕತ್ತಾವ. ಏನ್ ಹೊಡೀಲಿ ಹೇಳು."

ಗದ್ದಲದ ನಡುವೆ ಸುಜಯ ಹೇಳಿದ್ದು ಇಷ್ಟೇ: "ಸೋಡ ಆತಾ, ಭಾವ್ಯಾ." ಫೋನು ಕಟ್ಟಾಯಿತು.

ಭಾವುಸಾಹೇಬ ಕರಿ ಪರದೆ ತೆರೆದು ಹುಕುಂ ಹೊಡೆದ: sudo ata. ಯಂತ್ರ ಅಂಥದ್ದೊಂದು ಹುಕುಂ ಇಲ್ಲವೆಂದಿತು. sod ata ಎಂದು ಹೊಡೆದ. ಅದೂ ಇಲ್ಲವೆಂದಿತು. ಕೂಡಿಸಿ ಬರೆದ, ಬಿಡಿಸಿ ಬರೆದ, ನಡುವೆ ಗೆರೆ ಹಾಕಿ ಬರೆದ. ಸುಜಯನಿಗೆ ಮತ್ತೆ ಫೋನು ಮಾಡಿದರೆ ಎತ್ತಲಿಲ್ಲ. "ಸೋಡ ಆತಾ ಹೊಡದೆ. ಬರವಲ್ದು. ಸ್ಪೆಲಿಂಗ್ ಕಳಸು" ಎಂದು ವಾಟ್ಸಾಪಿನಲ್ಲಿ ಸಂದೇಶ ಹಾಕಿದ. ಎರಡು ನೀಲಿ ಗೆರೆ ಮೂಡಿದವು, ಉತ್ತರ ಬರಲಿಲ್ಲ.

ಚಹಾ ತಂದ ಉಜ್ವಲಾ ಪರದೆಯ ಮೇಲಿದ್ದುದನ್ನು ಓದಿದಳು. ಅವಳ ತವರು ಕೊಲ್ಲಾಪುರದ ಕಡೆ. ಮರಾಠಿ ಅವಳಿಗೆ ತೊಟ್ಟಿಲ ಭಾಷೆ.

"ಇದೇನ್ರಿ, 'ಸೋಡ ಆತಾ'?"

"ಸುಜ್ಯಾ ಹೇಳಿದ್ದ ಕಮಾಂಡು. ಹತ್ತವಲ್ದು."

ಉಜ್ವಲಾ ಒಂದು ಗಳಿಗೆ ಗಂಡನ ಮುಖ ನೋಡಿದಳು. ನಗಬೇಕೆಂದಿದ್ದವಳು ನಗಲಿಲ್ಲ. "ಅದು ಕಮಾಂಡ್ ಅಲ್ರಿ. 'ಬಿಟ್ಟಬಿಡು ಇನ್ನ' ಅಂದಾರ ಅವರು."

ಭಾವುಸಾಹೇಬನಿಗೆ ಮರಾಠಿ ಬಾರದ್ದೇನಲ್ಲ. ಸಂತೆಯಲ್ಲಿ ಅದೇ ಭಾಷೆಯಲ್ಲಿ ಚೌಕಾಸಿ ಮಾಡುವವನು. ಆದರೆ ತಿಂಗಳುಗಟ್ಟಲೆ ಸುಜಯನ ಬಾಯಿಂದ ಹುಕುಂ ಮಾತ್ರ ಕೇಳಿ ಕೇಳಿ, ಮಾತು ಮಾತಾಗಿ ಕೇಳುವುದನ್ನೇ ಅವನ ಕಿವಿ ಬಿಟ್ಟಿತ್ತು. ಗೆಳೆಯ ತನ್ನನ್ನು ಕೈಬಿಟ್ಟ ಮಾತನ್ನು ಅವನು ಅಷ್ಟು ಶ್ರದ್ಧೆಯಿಂದ, ಗೆರೆ ಹಾಕಿ ಹಾಕಿ, ಟೈಪ್ ಮಾಡುತ್ತ ಕೂತಿದ್ದ.

"ಅವಸರದಾಗ ಅಂದಿರಬೇಕು," ಅಂದ. "ಲಗ್ನದ ಗಡಿಬಿಡಿ."

ಅಂದವನು ಮರುದಿನ ಅಂಗಡಿಯ ಕದ ಅರ್ಧ ಎಳೆದು ಕೂತ. ಅಂತರ್ಜಾಲದ ಚರ್ಚೆಗಳಲ್ಲಿ ಇದೇ ರೋಗದವರು ಬಹಳ ಇದ್ದರು. ಒಬ್ಬ ಪುಣ್ಯಾತ್ಮ ವಾರಗಟ್ಟಲೆ ಅತ್ತು ಕರೆದು, ಕೊನೆಗೆ 'ಸರಿಹೋಯಿತು, ಧನ್ಯವಾದ' ಎಂದು ಬರೆದು, ಹೇಗೆ ಸರಿಹೋಯಿತೆಂದು ಹೇಳದೆ ಹೋಗಿಬಿಟ್ಟಿದ್ದ. ಅವನಿಗೆ ಮನಸಾರೆ ಬೈದು ಭಾವುಸಾಹೇಬ ಮುಂದೆ ಹುಡುಕಿದ. ಕೊನೆಗೆ ತಿಳಿಯಿತು: ಹಳೆಯ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿಸುತ್ತಿದ್ದವು. ಪ್ರಿಂಟರು ಆ ವೇಷ ಕಳಚುತ್ತಿತ್ತು. ಬರಹವನ್ನೆಲ್ಲ ಯೂನಿಕೋಡಿಗೆ ಬದಲಿಸಿದರೆ ಅದು ಹುಟ್ಟಾ ಕನ್ನಡವಾಗುತ್ತದೆ, ಕಳಚಲು ವೇಷವೇ ಇರುವುದಿಲ್ಲ. ಬದಲಿಸಿದ. ಅಲ್ಲಲ್ಲಿ ಒಡೆದ ಒತ್ತಕ್ಷರಗಳನ್ನು ಕೈಯಾರೆ ತಿದ್ದಿದ. ಪ್ರಿಂಟ್ ಕೊಟ್ಟ. ಈ ಸಲ ಹಾಳೆಯನ್ನು ನೋಡದೆ ಎತ್ತಲಿಲ್ಲ. ಅದು ಹೊರಬರುವವರೆಗೂ ಬಗ್ಗಿ ನಿಂತ.

'ಶ್ರೀ' ಬಂತು. ಹಿಂದೆಯೇ 'ಚಿ. ಸೌ. ಸ್ನೇಹಲ' ಬಂತು. ಭಾವುಸಾಹೇಬ ಆ ಹಾಳೆಯನ್ನು ಹಸಿಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಉಜ್ವಲಾಗೆ ತೋರಿಸಿದ. ಹಳದಿ ದಪ್ಪ ಕಾಗದದ ಮೇಲೆ ಒಂದು ಚಂದದ ಪ್ರತಿ ತೆಗೆದ. ನಾಳೆ ನಿಪ್ಪಾಣಿಯ ಬಸ್ಸು ಹತ್ತಿ, ಹೇಳದೆ ಕೇಳದೆ ಅದನ್ನು ಸುಜಯನ ಮುಂದಿಡಬೇಕೆಂದುಕೊಂಡ.

ಬಸ್ಸು ಹತ್ತುವ ಪ್ರಸಂಗ ಬರಲಿಲ್ಲ. ಬೆಳಿಗ್ಗೆ ಸುಜಯನೇ ಬಂದ. ಹೊಸ ಅಂಗಿ, ಹಣೆಯಲ್ಲಿ ಗಂಧ, ಕೈಯಲ್ಲಿ ಪೇಢೆಯ ಡಬ್ಬಿ, ಬಗಲಲ್ಲಿ ದೊಡ್ಡ ಚೀಲ. ಚೀಲದಿಂದ ಒಂದು ಪತ್ರಿಕೆ ತೆಗೆದು, ಮೂಲೆಗೆ ಕುಂಕುಮ ಹಚ್ಚಿ, ಎರಡೂ ಕೈಯಿಂದ ಕೊಟ್ಟ.

"ಮೊದಲನೇ ಪತ್ರಿಕಾ ನಿನಗ ಭಾವ್ಯಾ. ದೇವರಿಗೆ ಕೊಟ್ಟ ಮ್ಯಾಲೆ ನಿನಗ."

ಭಾವುಸಾಹೇಬ ತನ್ನ ಹಳದಿ ಪ್ರತಿಯನ್ನು ಕೀಬೋರ್ಡಿನ ಕೆಳಗೆ ಸರಿಸಿ ಪತ್ರಿಕೆ ತೆಗೆದುಕೊಂಡ. ಬಂಗಾರದ ಅಂಚು, ಮಖಮಲ್ಲಿನ ಮೈ. ಈ ವೃತ್ತಿಯವರು ಪತ್ರಿಕೆ ಸಿಕ್ಕರೆ ಮೊದಲು ವಧೂವರರ ಹೆಸರು ನೋಡುವುದಿಲ್ಲ. ಬುಡದಲ್ಲಿ ಸಣ್ಣ ಅಕ್ಷರದಲ್ಲಿರುವ ಪ್ರೆಸ್ಸಿನ ಹೆಸರು ನೋಡುತ್ತಾರೆ. ಅಲ್ಲಿ ಕೊಲ್ಲಾಪುರದ ವಿಳಾಸವಿತ್ತು.

"ಬೀಗರು ಅವಸರ ಮಾಡಿದ್ರಪಾ," ಅಂದ ಸುಜಯ. "ಮತ್ತ ನಿನಗ ಸುಮ್ಮನ ತ್ರಾಸ ಯಾಕ ಅಂತ. ಅವತ್ತ ಫೋನ್ ಮಾಡಿದಿ ನೋಡು, ಆವಾಗ ಅಲ್ಲೇ ಪ್ರೆಸ್ಸಿನ್ಯಾಗ ಪ್ರೂಫ್ ನೋಡಾಕತ್ತಿದ್ನಿ. ಅದಕ್ಕ ಬಿಡು ಇನ್ನ ಅಂದ್ನಿ."

"ಕೊಲ್ಲಾಪುರದವರು ಲಿನಕ್ಸ್‌ನ್ಯಾಗ ಮಾಡ್ಯಾರೇನು?"

"ಏ, ಅಲ್ಲಿ ಎಲ್ಲಾ ವಿಂಡೋಸ ಐತಿ." ಸುಜಯ ಪೇಢೆಯ ಡಬ್ಬಿಯ ದಾರ ಬಿಚ್ಚಿದ. "ಖರೇ ಹೇಳಬೇಕಂದ್ರ ನಾನೂ ದೀಪಾವಳಿ ಹೊತ್ತಿಗೇ ಮನ್ಯಾಗ ವಿಂಡೋಸ್ ಹಾಕ್ಕೊಂಡೆ. ಲಿನಕ್ಸ್‌ನ್ಯಾಗ ನಮ್ಮ ಪ್ರಿಂಟರ ಹತ್ತವಲ್ದಾಗಿತ್ತು."

ಭಾವುಸಾಹೇಬ ಮನಸ್ಸಿನಲ್ಲಿ ಲೆಕ್ಕ ಹಾಕಿದ. ಅವನ ಅಂಗಡಿಗೆ ಲಿನಕ್ಸ್ ಬಂದದ್ದೇ ದೀಪಾವಳಿ ಮುಗಿದ ಮೇಲಿನ ರವಿವಾರ. ಅಂದರೆ ಇಷ್ಟು ದಿನ ಫೋನಿನಲ್ಲಿ ಬಂದ ಹುಕುಮೆಲ್ಲ ವಿಂಡೋಸಿನ ಮುಂದೆ ಕೂತು, ಅಂತರ್ಜಾಲ ನೋಡಿ ಓದಿ ಹೇಳಿದ್ದು.

ಚಾಳೀಸು ಹಾಕಿಕೊಂಡು, ರೂಢಿಯಂತೆ ಬಲಗೈ ಬೆರಳನ್ನು ಸಾಲಿನ ಮೇಲಿಟ್ಟು, ಪತ್ರಿಕೆಯನ್ನು ಮೊದಲಿನಿಂದ ಓದತೊಡಗಿದ. ಮುಹೂರ್ತ ಓದಿದ, ಸ್ಥಳ ಓದಿದ, ಅಜ್ಜಂದಿರ, ಕಾಕಂದಿರ ಹೆಸರು ಓದಿದ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

ಅಲ್ಲೇ ನಿಂತ ಬೆರಳನ್ನು ನೋಡಿ ಸುಜಯನಿಗೆ ಕಳವಳವಾಯಿತು. "ಯಾಕಲೇ? ಎಲ್ಲೆರ ತಪ್ಪ ಬಿದ್ದೈತೇನು?"

"ಒಂದ ಕಡೆ ಐತಿ," ಅಂದ ಭಾವುಸಾಹೇಬ ಚಾಳೀಸು ತೆಗೆಯುತ್ತ. "'ಆಪ್ತ ಮಿತ್ರರು' ಅನ್ನೋದರ ಕೆಳಗ ನನ್ನ ಹೆಸರು ಬಂದೈತಿ."